ಬಿಸಿಲ ಕಡೆಯ ಕೆನ್ನೆ

ಆಗ ನನಗೆ ನಲವತ್ನಾಲ್ಕು. ಇಪ್ಪತ್ತೈದು ವರ್ಷದ ಮೇಲಾಯಿತು. ಗಾಂಧಿ ಬಜಾರಿನಲ್ಲಿ ನಾನೂ ನನ್ನಕ್ಕನೂ ಪಕ್ಕಪಕ್ಕ ಕೂತು ಹೂವು ಮಾರುತ್ತಿದ್ದೆವು. ಇದ್ದದ್ದು ಒಂದೇ ದೊಡ್ಡ ಕೊಡೆ. ಅದರ ನೆರಳು ಮೊದಲು ಹೂವಿಗೆ, ಆಮೇಲೆ ಅಕ್ಕನಿಗೆ. "ನೀನು ಚಿಕ್ಕೋಳು ಕಣೆ, ತಡ್ಕೋತೀಯ" ಅಂತ ಮೊದಲ ದಿನವೇ ಅಂದಿದ್ದಳು. ಹದಿನೆಂಟು ವರ್ಷ ತಡಕೊಂಡೆ. ಮಲ್ಲಿಗೆ ಬಾಡದ ಹಾಗೆ ಗಳಿಗೆಗೊಮ್ಮೆ ಒದ್ದೆ ಬಟ್ಟೆ ಹೊದಿಸುತ್ತಿದ್ದೆ, ನನ್ನ ಮುಖಕ್ಕೆ ಸೆರಗೂ ಎಳೆದುಕೊಳ್ಳಲಿಲ್ಲ. ಮುಖ ಮುಚ್ಚಿಕೊಂಡರೆ ಗಿರಾಕಿ ನಿಲ್ಲಲ್ಲ ಅನ್ನುತ್ತಿದ್ದಳು ಅಕ್ಕ.

ಒಂದು ದಿನ ಹೊಸ ಗಿರಾಕಿ ಹೆಂಗಸೊಬ್ಬಳು ನನ್ನನ್ನು ಕೇಳಿದಳು, "ಅಜ್ಜಿ, ನಿಮ್ಮ ಮಗಳ ಹತ್ರ ಕನಕಾಂಬರ ಇದ್ಯಾ?" ಮಗಳು ಅಂದದ್ದು ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕನನ್ನು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆಯವರೆಗೂ "ಅಮ್ಮಾ, ದಾರ ಕೊಡಮ್ಮ" ಅಂತ ಬೀದಿಗೆಲ್ಲ ಕೇಳಿಸುವ ಹಾಗೆ ಆಡಿಕೊಂಡಳು.

ದಿನಾ ಹೂವು ಕೊಳ್ಳುವ ನರ್ಸಮ್ಮ ಸಂಜೆ ಬಂದಾಗ ಮುಖ ತೋರಿಸಿದೆ. ಎಡಗೆನ್ನೆ ನುಣ್ಣಗಿತ್ತು, ಬಿಸಿಲ ಕಡೆಯ ಬಲಗೆನ್ನೆ ಒಣಗಿದ ಹಾಗಲಕಾಯಿ. "ಇದು ವಯಸ್ಸಲ್ಲಮ್ಮ, ಬಿಸಿಲು. ಸುಕ್ಕು ಬಿದ್ದ ಚರ್ಮ ಮೊದಲಿನ ಹಾಗೆ ಆಗಲ್ಲ. ಇನ್ನಾದ್ರೂ ನೆರಳಲ್ಲಿ ಕೂತ್ಕೊಳ್ಳಿ, ಸೆರಗು ಹೊದ್ಕೊಳ್ಳಿ" ಅಂದರು. ಅಕ್ಕನಿಗೆ ಇದು ಮೊದಲೇ ಗೊತ್ತಿತ್ತೋ ಏನೋ.

ಮಾರನೆ ಬೆಳಿಗ್ಗೆ ಅವಳಿಗಿಂತ ಮೊದಲೇ ಹೋಗಿ, ಕೊಡೆ ಬಿಚ್ಚಿ, ಅವಳ ಮಣೆಯ ಮೇಲೆ ಕೂತೆ. ಅವಳು ಬರುವ ಹೊತ್ತಿಗೆ ನಾನು ದಿನಾ ಕೂರುತ್ತಿದ್ದ ಗೋಣಿತಾಟನ್ನು ಅವಳಿಗೆ ಅಂತ ಬಿಸಿಲಲ್ಲಿ ಹಾಸಿಟ್ಟಿದ್ದೆ.