ಎಡಗಾಲಿಗೆ ಒಂಬತ್ತು, ಬಲಗಾಲಿಗೆ ಐದು

ಹತ್ತಿಮತ್ತೂರಿನ ಅಂಚೆಯ ಶಂಭುಲಿಂಗ ಇಪ್ಪತ್ತೆರಡು ವರ್ಷ ತನ್ನ ಬಲಗಾಲನ್ನು ಸೈಕಲ್ಲಿಗೆ ಕಟ್ಟಿಕೊಂಡೇ ಹಳ್ಳಿ ಹಳ್ಳಿ ತಿರುಗಿದ. ಕಟ್ಟಿಕೊಂಡು ಎಂದರೆ ಮಾತಿಗೆ ಹೇಳಿದ್ದಲ್ಲ, ನಿಜವಾಗಿ ಕಟ್ಟಿಕೊಂಡು. ಮೂರು ವರ್ಷದವನಿದ್ದಾಗ ಪೋಲಿಯೊ ಬಂದು ಆ ಕಾಲು ಮೊಣಕಾಲಿನಿಂದ ಕೆಳಗೆ ಬಡಕಲಾಗಿ ಉಳಿದುಬಿಟ್ಟಿತು. ತೊಡೆಯಲ್ಲಿ ಬಲವಿದೆ, ಪಾದದಲ್ಲಿಲ್ಲ. ಪೆಡಲ್ ಮೇಲಿಟ್ಟರೆ ಜಾರುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಹಳೆಯ ಟ್ಯೂಬಿನ ಪಟ್ಟಿಯಿಂದ ಪಾದವನ್ನು ಪೆಡಲಿಗೆ ಬಿಗಿದು, ಎಡಗಾಲಿನಿಂದ ನೆಲ ಒದ್ದು ಹೊರಡುತ್ತಿದ್ದ. ನಿಲ್ಲುವಾಗಲೂ ಎಡಗಾಲೇ ಆಧಾರ. ಬಲಕ್ಕೆ ವಾಲಿದರೆ ದೇವರೇ ಗತಿ.

ಕಳೆದ ಸುಗ್ಗಿಯಲ್ಲಿ ವಾಲಿತು. ಗೋವಿನಜೋಳ ಹೇರಿದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋದಾಗ ಮುಂದಿನ ಗಾಲಿ ಕಲ್ಲು ಹತ್ತಿ ಸೈಕಲ್ ಮಗುಚಿತು. ಕಟ್ಟಿದ ಕಾಲು ಬಿಚ್ಚಲಾಗದೆ ಸೈಕಲ್ಲಿನ ಅಡಿಯಲ್ಲೇ ಬಿದ್ದಿದ್ದ; ಟ್ರ್ಯಾಕ್ಟರಿನವನು ಇಳಿದು ಬಂದು ಪಟ್ಟಿ ಕೊಯ್ದು ಎಬ್ಬಿಸಬೇಕಾಯಿತು. ಮುಂಗೈ ಎಲುಬು ಬಿರುಕು ಬಿಟ್ಟಿತ್ತು. ಒಂದೂವರೆ ತಿಂಗಳು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿ ಕೂತ.

ಪ್ಲಾಸ್ಟರ್ ಬಿಚ್ಚಿದ ದಿನ ಹೆಂಡತಿ ಹಾಲವ್ವ ಖಡಾಖಂಡಿತ ಹೇಳಿದಳು. “ಇನ್ನೊಮ್ಮೆ ಬಿದ್ದು ಬಂದ್ರಿ ಅಂದ್ರ ಆ ಸೈಕಲ್ ಹಳೇ ಕಬ್ಬಿಣದ ಮೋಡಕಾದಂವಗ ಹಾಕ್ತೇನಿ ನೋಡ್ರಿ. ಸಾಕು ಮಾಡ್ರಿ ಇನ್ನ.”

ಸಾಕು ಎಂದು ಅವನಿಗೂ ಎಷ್ಟೋ ಸಲ ಅನಿಸಿತ್ತು. ಐವತ್ತನಾಲ್ಕರ ಮೈ, ಎರಡು ಕಾಲಿನ ಕೆಲಸ ಒಂದೇ ಕಾಲು ಮಾಡಿ ಮಾಡಿ ಸೊಂಟ ಹಿಡಿದುಹೋಗಿತ್ತು. ಆದರೆ ಸೈಕಲ್ ಹೋದರೆ ಕೆಲಸವೂ ಹೋದಂತೆ. ಮೋಟಾರ್ ಸೈಕಲ್ಲಿನ ಬ್ರೇಕು ಬಲಗಾಲಿನದು, ಅದು ಅವನಿಂದಾಗದು; ಕೈಬ್ರೇಕಿನ ಸ್ಕೂಟರ್ ಕೊಳ್ಳಲು ದುಡ್ಡಿಲ್ಲ. ದಿನಾ ಒಬ್ಬರ ಹಿಂದೆ ಕೂತು ಕಾಗದ ಹಂಚುವುದೆಂದರೆ ದಿನಾ ಒಬ್ಬರಿಗೆ ಕೈಮುಗಿಯುವುದು. ಅದಕ್ಕೆ ಅವನು ತಯಾರಿರಲಿಲ್ಲ.

ಟ್ಯೂಬಿನ ಪಟ್ಟಿ ಕೊಯ್ದು ಕೊಡುತ್ತಿದ್ದವನು ಸವಣೂರಿನ ಸೈಕಲ್ ರಿಪೇರಿಯ ಖಾದರಸಾಬ. ಬಿದ್ದ ಸುದ್ದಿ ಕೇಳಿದ ಮೇಲೆ ಆ ಪಟ್ಟಿ ಕೊಯ್ಯಲು ಅವನಿಗೆ ಕೈ ಬರಲಿಲ್ಲ.

“ಶಂಭಣ್ಣಾ, ಹೋದ ವರ್ಷ ಹೈವೇದಾಗ ಪಂಕ್ಚರ್ ಆಗಿ ಒಬ್ಬ ರೇಸಿನಾಂವ ಬಂದಿದ್ದ. ಅವನ ಶೂ ಪೆಡಲ್ ಮ್ಯಾಲ ಒತ್ತಿದ್ರ ಟಕ್ ಅಂತ ಹಿಡಕೋತಿತ್ತು, ಬೇಕಂದಾಗ ಟಕ್ ಅಂತ ಬಿಡ್ತಿತ್ತು. ಅದನ್ನ ಹಾಕೂಣು.”

“ನನ್ನ ಈ ಅಟ್ಲಾಸ ಕಾಲದ ಸೈಕಲ್ಲಿಗೆ ರೇಸಿನ ಪೆಡಲ್ ಏನರಿ ಖಾದರಸಾಬ್ರ! ಮುದುಕಗ ಬಾಸಿಂಗ ಕಟ್ಟಿಧಂಗ ಆಕ್ಕತಿ,” ಎಂದು ಶಂಭುಲಿಂಗ ನಕ್ಕ. ನಗುವಿನಲ್ಲೂ ದಣಿವಿತ್ತು.

ಅಂಗಡಿಯ ಸಾಮಾನನ್ನೆಲ್ಲ ಫೋನಿನಲ್ಲಿ ತರಿಸುವವಳು ಖಾದರಸಾಬನ ಮಗಳು ಫರ್ಜಾನಾ. ಅವಳು ಅರ್ಧ ತಾಸು ಫೋನ್ ತಿಕ್ಕಿ ತಿಕ್ಕಿ ನೋಡಿ, “ಕಾಕಾ, ಇದರಾಗ ಎರಡು ಥರಾ ಅದಾವ್ರಿ,” ಎಂದಳು. “ಅಡಿಯಾಗ ಮೂರು ತೂತಿರೂ ಶೂ ರೇಸಿನವ್ರದು. ಪೆಡಲ್ ಕಚ್ಚಿ ಹಿಡಿಯೂ ಹಲ್ಲು ಹೊರಗ ಚಾಚಿರತೈತಿ, ನಡ್ಯಾಕ ಆಗೂದಿಲ್ಲ. ಎರಡು ತೂತಿಂದ್ರಾಗ ಹಲ್ಲು ಅಟ್ಟಿಯೊಳಗ ಮುಚಗೊಂಡಿರತೈತಿ.”

“ಇನ್ನ ಮ್ಯಾಲ ನಾ ಮನಿ ಬಾಗಲತನಾ ನಡೀಬೇಕವಾ.”

“ಹಂಗಾರ ಎರಡು ತೂತಿಂದ. ಮತ್ತ ಬಿಡಿಸ್ಕೊಳ್ಳಾಕ ಹಿಮ್ಮಡ ಹೊರಗ ತಿರುವಬೇಕಂತ.”

“ಅದು ತಿರುಗೂದಿಲ್ಲಲ್ಲವಾ,” ಎಂದು ಶಂಭುಲಿಂಗ ಎದ್ದೇಬಿಟ್ಟ.

“ತಡೀರಿ ಕಾಕಾ. ಮ್ಯಾಲಕ್ಕ ಎಳದ್ರೂ ಬಿಡೂ ಹಲ್ಲು ಬ್ಯಾರೇನ ಸಿಗತಾವು.”

ತೊಡೆಯಿಂದ ಎಳೆಯುವುದು ಅವನಿಗೆ ಆಗುತ್ತಿತ್ತು. ಮತ್ತೆ ಕೂತ. ಒಂದು ಮಗ್ಗುಲು ಕೊಕ್ಕೆ, ಇನ್ನೊಂದು ಮಗ್ಗುಲು ಸಪಾಟಾಗಿರುವ ಪೆಡಲ್ ಆರಿಸಿದರು. ಎಡಗಾಲು ಸಪಾಟು ಮಗ್ಗುಲಿನ ಮೇಲೆ ಬಿಡುವಾಗಿರಲಿ ಎಂದು. ಕಡೆಗೆ ಫರ್ಜಾನಾ ಶೂ ನಂಬರ್ ಕೇಳಿದಳು.

“ಒಂಬತ್ತು.”

“ಎರಡೂ ಕಾಲಿಗೇನ್ರಿ?”

“ಎರಡಕ್ಕೂ,” ಎಂದ ಶಂಭುಲಿಂಗ, ರಸ್ತೆಯ ಕಡೆ ನೋಡುತ್ತ.

ಅವನ ಬಲಪಾದ ಎಡಪಾದಕ್ಕಿಂತ ಎಷ್ಟು ಚಿಕ್ಕದೆಂದು ಹಾಲವ್ವನ ಹೊರತು ಯಾರಿಗೂ ಗೊತ್ತಿರಲಿಲ್ಲ. ಅವನ ಅವ್ವ ಚಿಕ್ಕಂದಿನಿಂದಲೂ ದೊಡ್ಡ ಕಾಲಿನ ಅಳತೆಗೆ ಜೋಡು ತಂದು, ಬಲಗಾಲಿನದರಲ್ಲಿ ಹಳೆಯ ಸೀರೆಯ ಚೂರು ತುರುಕಿ ಕೊಡುತ್ತಿದ್ದಳು. ನೋಡುವವರಿಗೆ ಎರಡೂ ಕಾಲು ಒಂದೇ ಕಾಣಬೇಕು. ಅವ್ವ ತೀರಿಕೊಂಡಳು, ರೂಢಿ ತೀರಲಿಲ್ಲ.

ಸಾಮಾನು ಬಂದ ದಿನ ಖಾದರಸಾಬ ಹಳೆಯ ಪೆಡಲ್ ಬಿಚ್ಚಿ, ಹೊಸದನ್ನು ಅದೇ ತೂತಿಗಿಟ್ಟು ಬರಿಗೈಯಿಂದ ತಿರುಗಿಸಿ ನೋಡಿದ. ತಡೆಯಿಲ್ಲದೆ ಮೂರು ಸುತ್ತು ಹೋಯಿತು. “ಥ್ರೆಡ್ ಕೂಡ್ತು! ಮುದುಕಗ ಬಾಸಿಂಗ ಒಪ್ಪಿತು ನೋಡ್ರಿ,” ಎಂದು ಹಿಗ್ಗಿದ. ಕೊಕ್ಕೆ ಸುಲಭವಾಗಿ ಬಿಡಲೆಂದು ಹಿಡಿತದ ಸ್ಕ್ರೂವನ್ನು ಪೂರ್ತಿ ಸಡಿಲು ಮಾಡಿದ. ಶಂಭುಲಿಂಗ ಮೂಲೆಗೆ ತಿರುಗಿ ಬಟ್ಟೆ ತುರುಕಿದ ಶೂ ಹಾಕಿಕೊಂಡು ಸೈಕಲ್ ಹತ್ತಿದ. ಟಕ್ ಎಂದಿತು. ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು, ಬಲಗಾಲು ಬಿಡಿಸಿಕೊಂಡು ಇಳಿಯೋಣವೆಂದು ಮೊಣಕಾಲು ಎಳೆದ.

ಕಾಲು ಬಂತು, ಶೂ ಬರಲಿಲ್ಲ. ಅರ್ಧ ಹೊರಬಂದ ಹಿಮ್ಮಡಿ ಶೂವಿನ ಕುತ್ತಿಗೆಗೆ ಸಿಕ್ಕಿಕೊಂಡಿತು, ಸೈಕಲ್ ಬಲಕ್ಕೇ ವಾಲಿತು. ಮಣ್ಣಿನಲ್ಲಿ ಬಿದ್ದವನ ಕಾಲು ಪೂರ್ತಿ ಕಳಚಿಕೊಂಡಾಗ ಹಿಂದೆಯೇ ಹಸಿರು ಸೀರೆಯ ಚೂರು ಈಚೆ ಬಂತು. ಶೂ ಮಾತ್ರ ಪೆಡಲಿಗೆ ಕಚ್ಚಿಕೊಂಡು ಅಲ್ಲೇ ಉಳಿದಿತ್ತು. ಫರ್ಜಾನಾ ಓಡಿ ಬಂದವಳು ಆ ಪಾದ ನೋಡಿದಳು, ಬಟ್ಟೆ ನೋಡಿದಳು.

ಅವಮಾನದಿಂದ ಶಂಭುಲಿಂಗನ ಮುಖ ಸುಟ್ಟಂತಾಯಿತು. “ಹಾಲವ್ವ ಅಂದದ್ದ ಖರೆ. ಮೋಡಕಾಕ್ಕ ಹಾಕಿಬಿಡ್ರಿ. ನಂಗೂ ಸಾಕಾಗೇತಿ,” ಎಂದ.

“ಅಂಗಡಿ ಮುಂದ ಬಿದ್ದದ್ದು ಬಿದ್ದಧಂಗಲ್ಲ,” ಎಂದು ಖಾದರಸಾಬ ಅವನನ್ನು ಎತ್ತಿ ಬೆಂಚಿನ ಮೇಲೆ ಕೂಡಿಸಿದ. ಆಮೇಲೆ ಒಂದು ಹಳೆಯ ಪೇಪರ್ ಹಾಸಿ, “ಕಾಲಿಡ್ರಿ,” ಎಂದ.

ಶಂಭುಲಿಂಗ ಬಹಳ ಹೊತ್ತು ಇಡಲಿಲ್ಲ. ಕೊನೆಗೆ ಹಟ ಮಾಡಲೂ ತ್ರಾಣವಿಲ್ಲದೆ ಇಟ್ಟ. ಖಾದರಸಾಬ ನೆಲದ ಮೇಲೆ ಕೂತು ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದ. ಫರ್ಜಾನಾ ಅಳೆದು, “ಐದು,” ಎಂದಳು. “ಆದ್ರ ಐದು ಹೆಣ್ಮಕ್ಕಳ ಶೂದಾಗಷ್ಟ ಐತ್ರಿ ಕಾಕಾ. ನೇರಳೆ ಬಣ್ಣದ್ದು.”

“ಬಣ್ಣ ತಗೊಂಡು ಏನ್ ಮಾಡೂದೈತಿ. ತರಸವಾ,” ಎಂದ ಶಂಭುಲಿಂಗ.

ಹಾಗೆ ಶಂಭುಲಿಂಗನ ಎಡಗಾಲಿಗೆ ಒಂಬತ್ತರ ಕರಿ ಶೂ, ಬಲಗಾಲಿಗೆ ಐದರ ನೇರಳೆ ಶೂ ಆದವು. ಉಳಿದೆರಡು ಖಾದರಸಾಬನ ಅಂಗಡಿಯ ಮೊಳೆಗೆ ತೂಗಿಬಿದ್ದವು. ಹಾಲವ್ವ ಅವನ ಕಾಲುಗಳನ್ನು ದಿಟ್ಟಿಸಿ ನೋಡಿ, ಬುತ್ತಿ ಕೈಗಿಟ್ಟಳು.

ಮೊದಲ ದಿನ ಪಕ್ಕದ ಹಳ್ಳಿಯ ಯಂಕವ್ವನಿಗೊಂದು ರಜಿಸ್ಟರ್ ಕಾಗದ ಇತ್ತು. ಅವಳ ಮನೆ ರಸ್ತೆಯಿಂದ ಹದಿನೈದು ಹೆಜ್ಜೆ ಒಳಗೆ. ಇಷ್ಟು ವರ್ಷ ಅವನು ಗಂಟೆ ಬಾರಿಸಿದರೆ ಸಾಕು, ಎಂಬತ್ತರ ಆ ಮುದುಕಿ ಕೋಲೂರಿಕೊಂಡು ರಸ್ತೆಗೆ ಬರುತ್ತಿದ್ದಳು. ಕಟ್ಟಿದ ಕಾಲನ್ನು ಬಿಚ್ಚುವ ತೊಂದರೆ ಅವನಿಗೆ ಬೇಡವೆಂದು ಅವಳಷ್ಟೇ ಅಲ್ಲ, ಎಲ್ಲ ಹಳ್ಳಿಯವರೂ ಹಾಗೇ ಬರುತ್ತಿದ್ದರು. ಆ ಉಪಕಾರ ಅವನನ್ನು ದಾರಿಗಿಂತ ಹೆಚ್ಚು ದಣಿಸಿತ್ತು.

ಗಂಟೆ ಕೇಳಿ ಯಂಕವ್ವ ಕೋಲಿಗೆ ಕೈ ಹಾಕಿದಳು.

“ಕುಂದ್ರಬೇ, ಏಳಬ್ಯಾಡ. ನಾನ ಬರ್ತೇನಿ.”

ಮೊಣಕಾಲು ಎಳೆದ. ಟಕ್. ಶೂ ಸಮೇತ ಕಾಲು ಬಂತು. ಹದಿನೈದು ಹೆಜ್ಜೆ ಕುಂಟುತ್ತ ನಡೆದು, ಹೊಸ್ತಿಲಲ್ಲಿ ಎರಡೂ ಶೂ ಕಳಚಿಟ್ಟು, ಬರಿಗಾಲಲ್ಲಿ ಒಳಗೆ ಹೋದ. ಯಂಕವ್ವ ಹೆಬ್ಬಟ್ಟು ಒತ್ತಿ, ಅವನ ಎರಡೂ ಪಾದ ನೋಡಿ, ನೀರಿನ ತಂಬಿಗೆ ಮುಂದಿಟ್ಟಳು.

“ಭಾಳ ದಣದೀಯಪಾ. ಕುಂದ್ರು.”

“ಹೂಂನಬೇ, ಭಾಳ ದಣದೇನಿ,” ಎಂದು ಶಂಭುಲಿಂಗ ಅವಳ ಪಕ್ಕ ಕಾಲು ಚಾಚಿ ಕೂತ.