ಒಲೆಯ ಸುತ್ತ ಒಂದು ಹಿಡಿ ಹತ್ತಿ

ಪೆಲೆಟ್ ಒಲೆ ಕೂರಿಸುವುದು ನನ್ನ ಕೆಲಸ. ಹತ್ತಿಕಟ್ಟಿಗೆಯ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳೇ ಅದಕ್ಕೆ ಉರುವಲು. ಒಳಗಿನ ಫ್ಯಾನು ಗಾಳಿ ಊದುತ್ತದೆ. ದೋರನಹಳ್ಳಿಯ ಒಂದು ಮನೆಯಲ್ಲಿ ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸುತ್ತಿದ್ದರು. ಒಲೆಗೆಂದು ಯಜಮಾನರು ತೋರಿಸಿದ ಜಾಗದ ಪಕ್ಕದಲ್ಲೇ, ರೇಟು ಏರಲಿ ಎಂದು ಕಾಯ್ದಿಟ್ಟ ಹತ್ತಿ ಸೂರು ಮುಟ್ಟುವಷ್ಟಿತ್ತು.

“ಇಲ್ಲಿ ಬ್ಯಾಡ್ರಿ, ಕಿಡಿ ಸಿಡೀತದ,” ಎಂದೆ.

“ಇಷ್ಟು ಸಣ್ಣ ಒಲಿ ಏನ್ ಸಿಡೀತದ್ರಿ? ಪ್ರತಿ ವರ್ಷ ಹತ್ತಿ ಇಲ್ಲೇ ಇಡತೀವಿ,” ಎಂದರು.

ನಾನು ಟೇಪು ಬಿಚ್ಚಿ, ಒಲೆಯ ಕಂಪನಿಯವರು ಬಿಡಲು ಹೇಳಿದ ಅಂತರ ತೋರಿಸಿದೆ. ಅವರು ಟೇಪಿನ ಕಡೆ ನೋಡಲೇ ಇಲ್ಲ.

ಅವರ ಹೆಂಡತಿ ವಾದಕ್ಕೆ ಬರಲಿಲ್ಲ. ಒಲೆಯನ್ನು ಅಂಗಳಕ್ಕೆ ತರಿಸಿ, ಒಂದು ಹಿಡಿ ಹತ್ತಿಯನ್ನು ಸಣ್ಣ ಉಂಡೆಗಳಾಗಿ ಮಾಡಿ ಅದರ ಸುತ್ತ ಹತ್ತಿರ ಕೆಲವು, ದೂರ ಕೆಲವು ಇಟ್ಟರು.

“ಈಗ ಹಚ್ರಿ,” ಎಂದರು ನನಗೆ.

ಹಚ್ಚಿದೆ. ಉರಿ ಎದ್ದ ಮೇಲೆ ಇನ್ನಷ್ಟು ಗುಳಿಗೆ ಸುರಿದಾಗ ಒಂದು ಕಿಡಿ ಹಾರಿತು. ಯಜಮಾನರ ಕಾಲ ಬಳಿಯ ಉಂಡೆ ಭಗ್ಗೆಂದು ಹೊತ್ತಿತು. ಅವರು ಹಿಂದೆ ಸರಿದರು.

“ಈಗ ಹೇಳ್ರಿ, ಒಲಿ ಎಲ್ಲಿ ಇಡಬೇಕು?” ಎಂದು ಆಕೆ ಗಂಡನನ್ನು ಕೇಳಿದರು. ದನಿಯಲ್ಲಿ ಗೆದ್ದ ಗತ್ತು ಇರಲಿಲ್ಲ. ಆ ಮಾತು ನಾನು ಕೇಳಿದ್ದರೆ ಖಂಡಿತ ಇರುತ್ತಿತ್ತು.

ಒಲೆ ಹತ್ತಿಯಿಂದ ದೂರ, ಹಿತ್ತಲ ಕಡೆಯ ಗೋಡೆಗೆ ಹೋಯಿತು, ಹೊಗೆ ಕೊಳವೆ ಹೊರಕ್ಕೆ. ಈಗ ಯಾವ ಊರಿಗೆ ಹೋದರೂ ನನ್ನ ಚೀಲದಲ್ಲಿ ಒಂದು ಹಿಡಿ ಹತ್ತಿ ಇರುತ್ತದೆ. ಟೇಪೂ ಇರುತ್ತದೆ, ಕಂಪನಿಯವರ ಸಮಾಧಾನಕ್ಕೆ.