ಯೂರಿಯಾ ಉಂಡ ಕೆಂಪು ಭತ್ತ

ಅಟ್ಟೂರು ಕೆರೆಯ ಕೆಳಗೆ ನನ್ನ ಗದ್ದೆ, ಪಕ್ಕದಲ್ಲೇ ಮೈದುನನದು. ನಾನು ಹೊಂಗೆಸೊಪ್ಪು, ಸಗಣಿ ಗೊಬ್ಬರವಷ್ಟೇ ಹಾಕಿ ಹಳೇ ತಳಿಯ ಕೆಂಪು ಭತ್ತ ಬೆಳೆಯುತ್ತಿದ್ದೆ. ಒಂದು ವರ್ಷ ನಾನು ತವರಿಗೆ ಹೋಗಿದ್ದಾಗ ಅವನು ಅದಕ್ಕೆ ಯೂರಿಯಾ ಎರಚಿದ. "ನಿಮ್ ಪೈರು ಹಸ್ದಿತ್ತು ಅತ್ಗೆ," ಎಂದು ನಕ್ಕ.

ಆ ತಳಿಗೆ ಸ್ವಲ್ಪ ಸಾರ ಸಾಕು. ಹೆಚ್ಚಾದರೆ ಎದೆಯೆತ್ತರ ಬೆಳೆದು, ತೆನೆಯ ಭಾರಕ್ಕೆ ಮಲಗಿಬಿಡುತ್ತದೆ. ನನ್ನ ಪೈರೂ ಮಲಗಿತು. ಕಾಳು ಕೆಸರಿನಲ್ಲೇ ಮೊಳೆಯಿತು. "ಮಳೆ ಜೋರಾಯ್ತು ಬಿಡಿ," ಎಂದ. ಹಾಗೆಂದೇ ನಂಬಿದ್ದ.

ಯಲಹಂಕದಲ್ಲಿ ಕೆಂಪಕ್ಕಿಗೆ ಬೇಡಿಕೆ ಇರುವುದನ್ನು ಕಂಡು ಮರುವರ್ಷ ಅವನೇ ನನ್ನಲ್ಲಿ ಉಳಿದಿದ್ದ ಬಿತ್ತನೆ ಬೀಜ ಕೇಳಲು ಬಂದ.

"ಗೊಬ್ಬರ ಎಷ್ಟು ಹಾಕ್ಲಿ ಅತ್ಗೆ?"

"ನಿಂಗೆ ನಾನ್ ಹೇಳ್ಕೊಡ್ಬೇಕಾ? ಕೈತುಂಬ ಹಾಕಪ್ಪ."

ಅವನ ಪೈರು ಕಡುಹಸಿರಾಗಿ ಏರುವುದನ್ನು ದಿನವೂ ಬದುವಿನ ಮೇಲೆ ನಿಂತು ನೋಡಿದೆ. ತೆನೆ ತುಂಬಿದ ವಾರ ಒಂದೇ ಮಳೆಗೆ ಗದ್ದೆಯೆಲ್ಲ ಚಾಪೆಯಂತೆ ಮಲಗಿತು. ಅವನು ತಲೆ ಹಿಡಿದು ಕೂತದ್ದನ್ನು ಕಣ್ತುಂಬ ನೋಡಿಕೊಂಡೆ.

ಆದರೆ ಕೆಸರಿನಿಂದ ತೆನೆ ಎತ್ತುತ್ತಿದ್ದವಳು ಅವನ ಹೆಂಡತಿ. ಅವಳು ನನಗೇನೂ ಮಾಡಿರಲಿಲ್ಲ. ಕುಡುಗೋಲು ತಂದು ಅವಳ ಪಕ್ಕಕ್ಕಿಳಿದೆ. ಅವನ ಬಗ್ಗೆ ಮಾತ್ರ ನನಗೆ ಇವತ್ತಿಗೂ ಕನಿಕರವಿಲ್ಲ.